ಹಾಡಿನ ವಿಡಿಯೊ: ಶಾಟ್ ಮತ್ತು ಬೆಳಕಿನ ವಿಶ್ಲೇಷಣೆ

ಮೊದಲೇ ಧ್ವನಿಮುದ್ರಣವಾದ ಹಾಡಿಗೆ ಹೊಂದುವಂತೆ ದೃಶ್ಯ ಕಟ್ಟಿದ ಕಿರುಚಿತ್ರವೇ ಹಾಡಿನ ವಿಡಿಯೊ. ಸಿನಿಮಾದೊಳಗಿನ ಹಾಡು, ಸಿನಿಮಾದ ಹಂಗಿಲ್ಲದೆ ಬರುವ ಆಲ್ಬಂ ಹಾಡು, ಹಳ್ಳಿಯ ಜಾನಪದ ಗಾಯಕರು ಯೂಟ್ಯೂಬ್‌ಗೆ ಬಿಡುವ ಹಾಡು, ಮೂರೂ ಈ ಹೆಸರಿನಡಿ ಬರುತ್ತವೆ. ಸಿನಿಮಾದ ಮಾತಿನ ದೃಶ್ಯದಲ್ಲಿ ನಟ ಒಂದು ಗಳಿಗೆ ತಡೆದರೆ ದೃಶ್ಯವೂ ಒಂದು ಗಳಿಗೆ ಉದ್ದವಾಗುತ್ತದೆ. ಹಾಡಿನಲ್ಲಿ ಹಾಗಾಗದು. ಪಲ್ಲವಿ ಎಲ್ಲಿ ಮುಗಿಯಬೇಕು, ಚರಣ ಎಷ್ಟು ಸೆಕೆಂಡು, ನಡುವಿನ ವಾದ್ಯದ ಬಿಟ್ ಎಷ್ಟು ಉದ್ದ ಎಂಬುದೆಲ್ಲ ಸ್ಟುಡಿಯೊದಲ್ಲೇ ತೀರ್ಮಾನವಾಗಿರುತ್ತದೆ. ಕಾಲ ಕೈತಪ್ಪಿದ ಮೇಲೆ ಛಾಯಾಗ್ರಾಹಕನ ಕೈಯಲ್ಲಿ ಉಳಿಯುವುದು ಎರಡೇ: ಯಾವುದನ್ನು ಎಷ್ಟು ಹತ್ತಿರದಿಂದ ತೋರಿಸಬೇಕು ಎಂಬ ಆಯ್ಕೆ ಮತ್ತು ಅದರ ಮೇಲೆ ಎಲ್ಲಿಂದ ಬೆಳಕು ಬೀಳಬೇಕು ಎಂಬ ಆಯ್ಕೆ. ಹಾಡಿನ ವಿಡಿಯೊವನ್ನು ಗಂಭೀರವಾಗಿ ನೋಡುವವರು ಈ ಎರಡನ್ನೇ ಬಿಡಿಸಿ ನೋಡುತ್ತಾರೆ.

ಇವೆರಡರಲ್ಲಿ ಶಾಟ್ ಬೇಗ ಕಣ್ಣಿಗೆ ಬೀಳುತ್ತದೆ, ಬೆಳಕು ಬೀಳುವುದಿಲ್ಲ. ಡ್ರೋನ್ ಹಾರಿದ್ದು, ಸ್ಲೋ ಮೋಷನ್ ಬಂದದ್ದು ಯಾರಿಗಾದರೂ ತಿಳಿಯುತ್ತದೆ. ನಾಯಕಿಯ ಮುಖ ಕಿಟಕಿಯಿಂದ ಬೆಳಗಿದೆಯೋ ದೀಪದಿಂದಲೋ ಎಂದು ಕೇಳಿದರೆ ಹತ್ತು ಸಲ ನೋಡಿದವರೂ ತಡವರಿಸುತ್ತಾರೆ. ಆದರೂ ಹಾಡು ಮನಸ್ಸಿನಲ್ಲಿ ನಿಲ್ಲುವುದಕ್ಕೆ ಹೆಚ್ಚಿನ ಕಾರಣ ಬೆಳಕೇ. ಈ ಲೇಖನ ಬೆಳಕಿಗೆ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕಾಗಿ.

ಹಿನ್ನೆಲೆ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಚಿತ್ರೀಕರಣವಾದದ್ದು ಬೆಂಗಳೂರಿನಲ್ಲೂ ಅಲ್ಲ, ಮೈಸೂರಿನಲ್ಲೂ ಅಲ್ಲ. ಬೆಳಗಾವಿಯ ನೆರೆಯ ಕೊಲ್ಲಾಪುರದಲ್ಲಿ, ಛತ್ರಪತಿ ಸ್ಟುಡಿಯೊದಲ್ಲಿ. ಆಗ ಹಿನ್ನೆಲೆ ಗಾಯನ ಇರಲಿಲ್ಲ. ನಟರು ಮೈಕಿನ ಮುಂದೆ ತಾವೇ ಹಾಡಬೇಕು, ವಾದ್ಯದವರು ಚೌಕಟ್ಟಿನ ಹೊರಗೆ ಕೂತು ನುಡಿಸಬೇಕು. ಮೈಕಿನಿಂದ ದೂರ ಹೋದರೆ ದನಿ ಕೇಳದು. ಕ್ಯಾಮೆರಾ ಅಲುಗಿದರೆ ಅದರ ಸದ್ದೂ ಮುದ್ರಣವಾಗುತ್ತದೆ. ಆ ಕಾಲದ ಹಾಡುಗಳಲ್ಲಿ ಕ್ಯಾಮೆರಾ ಹೆಚ್ಚಾಗಿ ನಿಂತಲ್ಲೇ ನಿಂತು ಉದ್ದುದ್ದ ಶಾಟ್ ತೆಗೆದದ್ದಕ್ಕೆ ಇದೇ ಕಾರಣ. 1935ರಲ್ಲಿ ನಿತಿನ್ ಬೋಸ್ ಅವರ ‘ಧೂಪ್ ಛಾಂವ್’ ಮೂಲಕ ಪ್ಲೇಬ್ಯಾಕ್ ಪದ್ಧತಿ ಬಂದ ಮೇಲೆ ಹಾಡು ಮೈಕಿನ ಹಗ್ಗ ಕಳಚಿಕೊಂಡಿತು. ಧ್ವನಿ ಮೊದಲೇ ಸಿದ್ಧವಿದ್ದುದರಿಂದ ನಟಿ ಹೊಳೆಯ ದಂಡೆಯಲ್ಲಿ ಓಡಬಹುದು, ಬೆಟ್ಟ ಹತ್ತಬಹುದು, ಕ್ಯಾಮೆರಾ ಅವಳ ಹಿಂದೆಯೇ ಹೋಗಬಹುದು.

ಕೊಲ್ಲಾಪುರಕ್ಕೆ ಬೆಳಕಿನ ಚರಿತ್ರೆಯಲ್ಲೂ ಸ್ಥಾನವಿದೆ. ಬಾಬುರಾವ್ ಪೇಂಟರ್ ಅಲ್ಲಿಯ ಮಹಾರಾಷ್ಟ್ರ ಫಿಲ್ಮ್ ಕಂಪನಿಯಲ್ಲಿ ‘ಸಿಂಹಗಡ’ (1923) ಮೂಕಿಚಿತ್ರಕ್ಕೆ ಕೃತಕ ದೀಪಗಳನ್ನು ಬಳಸಿದರು. ಅದುವರೆಗೆ ನಮ್ಮಲ್ಲಿ ಸಿನಿಮಾ ಎಂದರೆ ಬಹುಪಾಲು ಬಿಸಿಲಿನ ಕೆಲಸ: ಮೇಲೆ ಬಿಳಿ ಬಟ್ಟೆ ಕಟ್ಟಿ ಬಿಸಿಲನ್ನು ಸೋಸುವುದು, ಪಕ್ಕದಿಂದ ರಿಫ್ಲೆಕ್ಟರ್ ಹಿಡಿದು ಮುಖಕ್ಕೆ ತಿರುಗಿಸುವುದು. ನೂರು ವರ್ಷ ಕಳೆದರೂ ಈ ಎರಡು ಉಪಾಯಗಳು ಹಳತಾಗಿಲ್ಲ. ಇಂದು ಬೆಳಗಾವಿ ಜಿಲ್ಲೆಯ ಖಾನಾಪುರದ ಹೊಲದಲ್ಲಿ ಆಲ್ಬಂ ಹಾಡು ತೆಗೆಯುವ ಹುಡುಗರು ಹಿಡಿಯುವ ಬಿಳಿ ಥರ್ಮಾಕೋಲ್ ಹಲಗೆಯೂ ಅದೇ ಕೆಲಸ ಮಾಡುತ್ತದೆ.

ಪಶ್ಚಿಮದಲ್ಲಿ ಹಾಡಿನ ವಿಡಿಯೊ ಸಿನಿಮಾದಿಂದ ಬೇರೆಯಾಗಿ ಟೆಲಿವಿಷನ್‌ಗಾಗಿ ಬೆಳೆಯಿತು. ಬ್ರಿಟನ್ನಿನ ಕ್ವೀನ್ ತಂಡದ ‘ಬೊಹೀಮಿಯನ್ ರ‍್ಯಾಪ್ಸಡಿ’ (1975) ವಿಡಿಯೊದಲ್ಲಿ ಕಪ್ಪು ಹಿನ್ನೆಲೆಯ ನಾಲ್ಕು ಮುಖಗಳಿಗೆ ಮೇಲಿನಿಂದ ಬಿದ್ದ ಬೆಳಕು ಒಂದು ಮಾದರಿಯೇ ಆಯಿತು. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಶುರುವಾದ ಮೇಲೆ ಹಾಡಿಗೊಂದು ವಿಡಿಯೊ ಕಡ್ಡಾಯ ಎನ್ನುವ ಹಾಗಾಯಿತು. ಐರ್ಲೆಂಡಿನ ಸಿನೇಡ್ ಓಕಾನರ್ 1990ರ ಹಾಡೊಂದರಲ್ಲಿ ಬಹುಪಾಲು ಹೊತ್ತು ಕಪ್ಪು ಹಿನ್ನೆಲೆಯ ಮುಂದೆ ಬರಿಯ ಮುಖವಾಗಿ ಕಾಣಿಸಿಕೊಂಡರು; ಕ್ಲೋಸಪ್ ಒಂದೇ ಒಂದು ಹಾಡನ್ನು ಹೊರಬಲ್ಲದು ಎಂಬುದಕ್ಕೆ ಅದು ಈಗಲೂ ಒಳ್ಳೆಯ ಉದಾಹರಣೆ. ಭಾರತದಲ್ಲಿ ಮಾತ್ರ ಈ ಕಲೆ ಸಿನಿಮಾದ ಮಡಿಲಲ್ಲೇ ಬೆಳೆಯಿತು. ಅದರಲ್ಲಿ ಬೆಳಕಿನ ಪಾಠ ಹೇಳಿಕೊಟ್ಟವರಲ್ಲಿ ಮೊದಲಿಗರು ಮೈಸೂರಿನವರು.

ವಿ.ಕೆ. ಮೂರ್ತಿ ಮತ್ತು ಎರಡು ಕನ್ನಡಿಗಳು

1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದರು. ‘ಬಾಜಿ’ (1951) ಚಿತ್ರಕ್ಕೆ ಸಹಾಯಕರಾಗಿದ್ದಾಗ ನಿರ್ದೇಶಕ ಗುರುದತ್ತರ ಕಣ್ಣಿಗೆ ಬಿದ್ದು, ಮರುವರ್ಷದ ‘ಜಾಲ್’ನಿಂದ ಅವರ ಖಾಯಂ ಛಾಯಾಗ್ರಾಹಕರಾದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರೇ. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

‘ಕಾಗಜ್ ಕೆ ಫೂಲ್’ (1959) ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಗೀತಾ ದತ್ ಹಾಡಿದ, ವಹೀದಾ ರೆಹಮಾನ್ ಮತ್ತು ಗುರುದತ್ ಕಾಣಿಸಿಕೊಂಡ ಹಾಡನ್ನು ಬೆಳಕಿನ ವಿಶ್ಲೇಷಣೆ ಕಲಿಯುವವರು ಮೊದಲು ನೋಡಬೇಕು. ಖಾಲಿ ಸಿನಿಮಾ ಸ್ಟುಡಿಯೊ. ಮೇಲಿನಿಂದ ಕಂಬದಂತೆ ಇಳಿಯುವ ಒಂದು ಬೆಳಕು. ಇಬ್ಬರೂ ದೂರ ದೂರ ನಿಂತಿದ್ದಾರೆ, ತುಟಿ ಅಲ್ಲಾಡುವುದಿಲ್ಲ. ಅವರ ದೇಹದೊಳಗಿಂದ ಇನ್ನೊಂದು ರೂಪ ಹೊರಬಂದು ಆ ಬೆಳಕಿನಲ್ಲಿ ಒಂದನ್ನೊಂದು ಸೇರುತ್ತದೆ. ದೇಹಗಳು ಮಾತ್ರ ನಿಂತಲ್ಲೇ ನಿಂತಿವೆ.

ಗುರುದತ್ತರಿಗೆ ಬಿಸಿಲಿನ ಕೋಲಿನಂಥ ಬೆಳಕು ಬೇಕಿತ್ತು. ಸ್ಟುಡಿಯೊದ ದೀಪ ಎಷ್ಟೇ ದೊಡ್ಡದಾದರೂ ಅದರ ಕಿರಣ ಹರಡುತ್ತದೆ: ಮೂಲದ ಬಳಿ ಸಣ್ಣ, ನೆಲ ಮುಟ್ಟುವಾಗ ಅಗಲ. ಸೂರ್ಯ ಬಹುದೂರ ಇರುವುದರಿಂದ ಅದರ ಕಿರಣಗಳು ನಮಗೆ ಸಮಾಂತರವಾಗಿಯೇ ತಲುಪುತ್ತವೆ. ಮೂರ್ತಿಯವರು ಮುಂಬಯಿಯ ಮೆಹಬೂಬ್ ಸ್ಟುಡಿಯೊದ ಹೊರಗೆ ದೊಡ್ಡ ಕನ್ನಡಿಯೊಂದನ್ನು ನಿಲ್ಲಿಸಿ, ಅದರಿಂದ ಬಿಸಿಲನ್ನು ಒಳಗೆ ಎತ್ತರದಲ್ಲಿಟ್ಟ ಇನ್ನೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ನೆಲಕ್ಕೆ ಇಳಿಸಿದರು. ಗಾಳಿಯಲ್ಲಿ ಹೊಗೆ ತೇಲಿಬಿಟ್ಟಾಗ ಕೋಲು ಕಣ್ಣಿಗೆ ಕಂಡಿತು. ಬೆಳಕು ತಾನಾಗಿ ಕಾಣುವುದಿಲ್ಲ. ದೂಳಿಗೋ ಹೊಗೆಗೋ ತಾಗಿ ನಮ್ಮ ಕಡೆ ಚೆದುರಿದಾಗಲೇ ಕಾಣುತ್ತದೆ.

ಇದೇ ದೃಶ್ಯ ಖಾನಾಪುರ ಸೀಮೆಯ ಹಳೆಯ ಹೆಂಚಿನ ಮನೆಗಳಲ್ಲಿ ದಿನಾಲೂ ನಡೆಯುತ್ತದೆ. ಮಾಡಿನಲ್ಲಿ ಕೂರಿಸಿದ ಒಂದು ಗಾಜಿನ ಹೆಂಚಿನಿಂದ ಬಿಸಿಲು ಇಳಿಯುತ್ತದೆ, ಒಲೆಯ ಹೊಗೆ ಅದನ್ನು ಹಾದುಹೋಗುವಾಗ ಅಡುಗೆಮನೆಯ ನಡುವೆ ನೀಲಿ ಛಾಯೆಯ ಓರೆಯಾದ ಬೆಳಕಿನ ಪಟ್ಟಿ ಮೂಡುತ್ತದೆ. ಹೊತ್ತು ಏರಿದಂತೆ ಅದು ಗೋಡೆಯಿಂದ ನೆಲಕ್ಕೆ ಸರಿಯುತ್ತದೆ. ಆ ಪಟ್ಟಿಯ ಅಂಚಿಗೆ ಒಬ್ಬರನ್ನು ಕೂರಿಸಿ, ಎದುರಿಗೆ ಬಿಳಿ ಪಂಚೆಯೊಂದನ್ನು ತೂಗುಹಾಕಿದರೆ, ಮುಖದ ಒಂದು ಭಾಗ ಬಿಸಿಲಿನಿಂದಲೂ ಇನ್ನೊಂದು ಭಾಗ ಪಂಚೆಯಿಂದ ಮರಳಿದ ಮೆದು ಬೆಳಕಿನಿಂದಲೂ ತುಂಬುತ್ತದೆ. ಬಾಡಿಗೆ ದೀಪವಾಗಲಿ ಜನರೇಟರ್ ಆಗಲಿ ಇದಕ್ಕೆ ಬೇಡ. ಇಂಥ ಮನೆಗಳಿರುವ ತಾಲ್ಲೂಕಿನ ಹಾಡಿನ ವಿಡಿಯೊಗಳಲ್ಲಿ ಈ ಬೆಳಕು ಅಪರೂಪವಾಗಿಯೇ ಕಾಣುವುದು ಬೇಸರದ ಸಂಗತಿ.

ಮೂರ್ತಿಯವರ ಇನ್ನೊಂದು ಪಾಠ ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಚಿತ್ರದ ನರ್ತಕಿಯ ಹಾಡಿನಲ್ಲಿದೆ. ಮುಖ್ಯ ನರ್ತಕಿ ಮೀನೂ ಮುಮ್ತಾಜ್ ಮೇಲೆ ಪೂರ್ತಿ ಬೆಳಕು; ಸುತ್ತ ಕುಣಿಯುವ ತಂಡದವರ ಮುಖ ಒಮ್ಮೆಯೂ ಬೆಳಗುವುದಿಲ್ಲ. ಮುಂದೆ ಬಂದರೂ ಹಿಂದೆ ಸರಿದರೂ ಅವರು ಬರಿಯ ನೆರಳು. ಬೆಳಗಿದ ಹಿನ್ನೆಲೆಯ ಮುಂದೆ ಬೆಳಗದ ದೇಹವನ್ನು ನಿಲ್ಲಿಸಿದರೆ ನೆರಳಾಕೃತಿ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕುಣಿಯುವ ಜನರನ್ನು ಇಡೀ ಹಾಡಿನುದ್ದಕ್ಕೂ ಆ ಗೆರೆ ದಾಟದಂತೆ ಇಡುವುದು, ಒಬ್ಬಳನ್ನು ಮಾತ್ರ ಗೆರೆಯ ಈಚೆ ಬಿಡುವುದು ಬಹಳ ಕಷ್ಟದ ಕೆಲಸ. ನೃತ್ಯ ನಿರ್ದೇಶನ ಮತ್ತು ಬೆಳಕು ಒಟ್ಟಿಗೆ ಕೂತು ಯೋಜಿಸದಿದ್ದರೆ ಅದು ಸಾಧ್ಯವಿಲ್ಲ.

ಕನ್ನಡ ಚಿತ್ರಗೀತೆಯ ಕ್ಯಾಮೆರಾ

ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ (1964) ಕನ್ನಡಕ್ಕೆ ಪೂರ್ತಿ ಬಣ್ಣ ತಂದಿತು. ಕಪ್ಪು-ಬಿಳುಪಿನಲ್ಲಿ ಆಕೃತಿಗಳನ್ನು ಬೇರ್ಪಡಿಸಲು ಬೆಳಕೊಂದೇ ಸಾಧನ. ಬಣ್ಣ ಬಂದಾಗ ಸೀರೆಯ ಕೆಂಪು, ಎಲೆಯ ಹಸಿರು ಆ ಕೆಲಸ ಹಂಚಿಕೊಂಡವು, ಮತ್ತು ಕೆಲಕಾಲ ನೆರಳು ತೆಳುವಾಯಿತು.

ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದಲ್ಲಿ ವಿಷ್ಣುವರ್ಧನ್ ಮತ್ತು ಆರತಿ ಇರುವ ಹಾಡೊಂದನ್ನು ಚಿಟ್ಟಿಬಾಬು ನಿಧಾನ ಚಲನೆಯಲ್ಲಿ ಚಿತ್ರೀಕರಿಸಿದರು. ಸ್ಲೋ ಮೋಷನ್ ಎಂದರೆ ಕ್ಯಾಮೆರಾವನ್ನು ವೇಗವಾಗಿ ಓಡಿಸಿ ತೆರೆಯ ಮೇಲೆ ಮಾಮೂಲು ವೇಗದಲ್ಲಿ ತೋರಿಸುವುದು. ಸೆಕೆಂಡಿಗೆ 48 ಚೌಕಟ್ಟು ತೆಗೆದು 24ರಂತೆ ತೋರಿಸಿದರೆ ಚಲನೆ ಅರ್ಧ ವೇಗಕ್ಕೆ ಇಳಿಯುತ್ತದೆ. ಆಗ ಎರಡು ತೊಡಕು ಎದುರಾಗುತ್ತವೆ. ಒಂದು, ಪ್ರತಿ ಚೌಕಟ್ಟಿಗೆ ಸಿಗುವ ಬೆಳಕು ಅರ್ಧವಾಗುತ್ತದೆ, ಆದ್ದರಿಂದ ಇಮ್ಮಡಿ ಬೆಳಕು ಬೇಕು. ಬಯಲಿನ ಬಿಸಿಲಲ್ಲಿ ಇದು ಸುಲಭ, ಒಳಾಂಗಣದಲ್ಲಿ ದುಬಾರಿ. ಇನ್ನೊಂದು, ತುಟಿ ತಾಳ ತಪ್ಪುತ್ತದೆ. ತುಟಿ ಕೂಡಲೇಬೇಕಾದ ಕಡೆ ಸೆಟ್‌ನಲ್ಲಿ ಹಾಡನ್ನೇ ಇಮ್ಮಡಿ ವೇಗದಲ್ಲಿ ಹಾಕಿ, ನಟರಿಗೆ ಅದೇ ವೇಗದಲ್ಲಿ ತುಟಿ ಆಡಿಸಲು ಹೇಳುತ್ತಾರೆ. ತೆರೆಯ ಮೇಲೆ ತುಟಿ ಸರಿಯಾಗಿ ಕೂಡುತ್ತದೆ. ಸೆರಗು, ಕೂದಲು, ನೀರಿನ ಹನಿ ಮಾತ್ರ ತೇಲುತ್ತವೆ. ಇವತ್ತಿನ ಆಲ್ಬಂ ಹಾಡುಗಳಲ್ಲಿ ನಾಯಕ ಬೈಕಿನಿಂದ ಇಳಿದರೂ ಸ್ಲೋ ಮೋಷನ್, ಕನ್ನಡಕ ಹಾಕಿಕೊಂಡರೂ ಸ್ಲೋ ಮೋಷನ್. ‘ನಾಗರಹಾವು’ ಹಾಡಿನಲ್ಲಿ ಅದಕ್ಕೊಂದು ಕಾರಣವಿತ್ತು: ಪ್ರೇಮಿಗಳಿಗೆ ಹೊತ್ತು ಸರಿಯುವುದೇ ಬೇರೆ ಬಗೆಯಾಗಿತ್ತು, ಇಡೀ ಹಾಡು ಆ ಲಯದಲ್ಲೇ ಇತ್ತು.

‘ಪ್ರೇಮಲೋಕ’ (1987) ಚಿತ್ರದಿಂದ ರವಿಚಂದ್ರನ್, ಹಂಸಲೇಖ ಮತ್ತು ಛಾಯಾಗ್ರಾಹಕ ಆರ್. ಮಧುಸೂದನ್ ಹಾಡನ್ನು ಬಿಡಿಯಾಗಿ ನೋಡಬಹುದಾದ ಕೃತಿಯನ್ನಾಗಿ ಮಾಡಿದರು. ಹಿಂದಿನಿಂದ ಬೀಳುವ ಬಲವಾದ ಬೆಳಕು, ಹೊಗೆ, ಕೂದಲ ಸುತ್ತ ಹೊಳೆಯುವ ಅಂಚು ಕನ್ನಡದ ಕಣ್ಣಿಗೆ ರೂಢಿಯಾದದ್ದು ಆ ವರ್ಷಗಳಲ್ಲಿ. ಟಿ.ಎಸ್. ನಾಗಾಭರಣ ಅವರ ‘ಆಕಸ್ಮಿಕ’ (1993) ಇದಕ್ಕೆ ಎದುರು ದಿಕ್ಕು. ರಾಜ್‌ಕುಮಾರ್ ಜಟಕಾ ಗಾಡಿಯಲ್ಲಿ ಹಾಡುವ, ಈಗ ನಾಡಗೀತೆಯಷ್ಟೇ ಜನಪ್ರಿಯವಾದ ಆ ಹಾಡನ್ನು ಹುಬ್ಬಳ್ಳಿಯ ಬೀದಿಗಳಲ್ಲಿ, ನಿಜವಾದ ಜನರ ನಡುವೆ, ಹಗಲು ಬೆಳಕಿನಲ್ಲಿ ತೆಗೆದರು. ಅಲ್ಲಿ ಅಲಂಕಾರದ ಬೆಳಕಿಲ್ಲ. ಗಾಯಕನ ಬೆನ್ನ ಹಿಂದೆ ಊರೇ ಸರಿಯುತ್ತಿದೆ, ಮತ್ತು ಹಾಡು ಹೇಳುತ್ತಿರುವುದೂ ಊರಿನ ಬಗ್ಗೆಯೇ. ಶಾಟ್ ಮತ್ತು ಸಾಹಿತ್ಯ ಇಷ್ಟು ಸಹಜವಾಗಿ ಕೂಡಿದ ಉದಾಹರಣೆ ಉತ್ತರ ಕರ್ನಾಟಕದಲ್ಲಿ ಚಿತ್ರಿತವಾದ ಹಾಡುಗಳಲ್ಲಿ ಇನ್ನೊಂದಿಲ್ಲ ಎಂದರೆ ಹೆಚ್ಚಾಗದು.

‘ಮುಂಗಾರು ಮಳೆ’ (2006) ಚಿತ್ರದಲ್ಲಿ ಯೋಗರಾಜ್ ಭಟ್ ಮತ್ತು ಛಾಯಾಗ್ರಾಹಕ ಎಸ್. ಕೃಷ್ಣ ಮಳೆಗಾಲದ ಬೂದು ಬೆಳಕನ್ನೇ ಹಾಡಿನ ಬಣ್ಣವನ್ನಾಗಿ ಮಾಡಿದರು. ಅದುವರೆಗೆ ಮೋಡ ಕವಿದರೆ ಯೂನಿಟ್ ಬಿಸಿಲಿಗಾಗಿ ಕಾಯುತ್ತಿತ್ತು. ಆಮೇಲೆ ಮೋಡಕ್ಕಾಗಿ ಕಾಯುವವರೂ ಹುಟ್ಟಿಕೊಂಡರು. ‘ಕಾಂತಾರ’ (2022) ಚಿತ್ರದ ಕೊನೆಯ ಭಾಗದ ಕೋಲದ ಹಾಡಿನಲ್ಲಿ ಅರವಿಂದ್ ಎಸ್. ಕಶ್ಯಪ್ ಅವರ ಕ್ಯಾಮೆರಾ ಪಂಜಿನ ಬೆಂಕಿಯನ್ನು ಚೌಕಟ್ಟಿನೊಳಗೇ ತೋರಿಸುತ್ತದೆ. ದೀಪಗಳು ಹೊರಗೆ ಇದ್ದರೂ ನೋಡುವವರಿಗೆ ಬೆಳಕಿನ ಮೂಲ ಪಂಜೇ ಎಂಬ ನಂಬಿಕೆ ಹುಟ್ಟುತ್ತದೆ.

ಶಾಟ್‌ನ ಅಳತೆ

ಲಾಂಗ್ ಶಾಟ್ ಜಾಗ ಹೇಳುತ್ತದೆ, ಮಿಡ್ ಶಾಟ್ ಮೈಯ ಚಲನೆ ಹೇಳುತ್ತದೆ, ಕ್ಲೋಸಪ್ ಮನಸ್ಸು ಹೇಳುತ್ತದೆ ಎಂಬುದು ಪಾಠದ ಮಾತು. ಹಾಡಿನಲ್ಲಿ ಇದಕ್ಕೆ ಇನ್ನೊಂದು ಸೂತ್ರ ಸೇರುತ್ತದೆ. ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಅದೇ ಅಳತೆಯ ಶಾಟ್ ಹಾಕಿದರೆ ಹಾಡು ನಿಂತಲ್ಲೇ ತಿರುಗುತ್ತದೆ. ಮೊದಲ ಪಲ್ಲವಿಯಲ್ಲಿ ದೂರದಲ್ಲಿದ್ದ ಮುಖ ಕೊನೆಯ ಪಲ್ಲವಿಗೆ ಹತ್ತಿರ ಬಂದಿದ್ದರೆ, ಒಂದೂ ಪದ ಬದಲಾಗದಿದ್ದರೂ ಅರ್ಥ ಬೆಳೆದಿರುತ್ತದೆ. ವಾದ್ಯದ ಬಿಟ್‌ಗಳಲ್ಲಿ ತುಟಿ ಚಲನೆಯ ಕಟ್ಟು ಇಲ್ಲದಿರುವುದರಿಂದ ನಿರ್ದೇಶಕ ಅಲ್ಲೇ ಜಾಗ ಬದಲಿಸುತ್ತಾನೆ, ಕಾಲ ಬದಲಿಸುತ್ತಾನೆ, ಕಥೆ ತುರುಕುತ್ತಾನೆ.

ಕಟ್ ಎಲ್ಲಿ ಬೀಳುತ್ತದೆ ಎಂಬುದನ್ನು ಲೆಕ್ಕದಿಂದಲೇ ಹಿಡಿಯಬಹುದು. ನಿಮಿಷಕ್ಕೆ 100 ಪೆಟ್ಟಿನ ಹಾಡಿನಲ್ಲಿ ಒಂದು ಪೆಟ್ಟು 0.6 ಸೆಕೆಂಡು, ನಾಲ್ಕು ಪೆಟ್ಟಿನ ಆವರ್ತ 2.4 ಸೆಕೆಂಡು. ಸೆಕೆಂಡಿಗೆ 25 ಚೌಕಟ್ಟಿನ ವಿಡಿಯೊದಲ್ಲಿ ಆ ಆವರ್ತಕ್ಕೆ ಸರಿಯಾಗಿ 60 ಚೌಕಟ್ಟು. ಪ್ರತಿ ಆವರ್ತದ ಮೊದಲ ಪೆಟ್ಟಿಗೇ ಕತ್ತರಿ ಹಾಕಿದ ವಿಡಿಯೊ ಎರಡನೇ ಚರಣಕ್ಕೆ ಬೇಸರ ತರಿಸುತ್ತದೆ, ಏಕೆಂದರೆ ಮುಂದಿನ ಕಟ್ ಯಾವಾಗ ಎಂದು ಕಣ್ಣಿಗೆ ಮೊದಲೇ ತಿಳಿದುಹೋಗುತ್ತದೆ. ಒಳ್ಳೆಯ ಸಂಕಲನಕಾರ ಕೆಲವು ಕಟ್‌ಗಳನ್ನು ಪೆಟ್ಟಿಗೆ ಹಾಕಿ, ಕೆಲವನ್ನು ಹಾಡುಗಾರನ ಉಸಿರಿಗೆ ಹಾಕುತ್ತಾನೆ.

ಮುಖಕ್ಕೆ ಕಣ್ಣಿನ ಮಟ್ಟಕ್ಕಿಂತ ಕೆಳಗಿನಿಂದ ಕ್ಯಾಮೆರಾ ಇಟ್ಟರೆ ವ್ಯಕ್ತಿ ದೊಡ್ಡವನಾಗಿ ಕಾಣುತ್ತಾನೆ. ಟಾಪ್ ಆ್ಯಂಗಲ್‌ನಲ್ಲಿ ಚಿಕ್ಕವನಾಗುತ್ತಾನೆ. ಟ್ರಾಲಿ, ಕ್ರೇನ್, ಜಿಮ್ಮಿ ಜಿಬ್ ಮಾಡುತ್ತಿದ್ದ ಕೆಲಸದ ದೊಡ್ಡ ಪಾಲನ್ನು ಈಗ ಗಿಂಬಲ್ ಮತ್ತು ಡ್ರೋನ್ ಮಾಡುತ್ತಿವೆ. ಫೋನಿನಲ್ಲಿ ನೋಡುವ ಉದ್ದುದ್ದ ಚೌಕಟ್ಟಿನ ರೀಲ್ಸ್ ಬಂದ ಮೇಲೆ ಲಾಂಗ್ ಶಾಟ್ ಸೊರಗಿದೆ. ನಿಂತ ಚೌಕಟ್ಟಿನಲ್ಲಿ ಒಬ್ಬ ಮನುಷ್ಯ ಚೆನ್ನಾಗಿ ಹಿಡಿಸುತ್ತಾನೆ, ಇಬ್ಬರು ಇಕ್ಕಟ್ಟಾಗುತ್ತಾರೆ, ಹೊಲ ಹಿಡಿಸುವುದೇ ಇಲ್ಲ.

ಬೆಳಕನ್ನು ಓದುವುದು

ಒಂದು ಚೌಕಟ್ಟನ್ನು ನಿಲ್ಲಿಸಿ ಬೆಳಕಿನ ಮೂಲ ಹುಡುಕಲು ಕೆಲವು ಗುರುತುಗಳಿವೆ. ಮೊದಲು ಕಣ್ಣಿನ ಪಾಪೆಯಲ್ಲಿ ಹೊಳೆಯುವ ಚುಕ್ಕೆ ನೋಡಬೇಕು. ಅದು ದುಂಡಗಿದ್ದರೆ ರಿಂಗ್ ಲೈಟ್ ಅಥವಾ ದುಂಡು ಸಾಫ್ಟ್‌ಬಾಕ್ಸ್, ಚೌಕವಿದ್ದರೆ ಕಿಟಕಿ ಅಥವಾ ಎಲ್‌ಇಡಿ ಪ್ಯಾನೆಲ್, ಅಗಲವಾಗಿ ಮಸುಕಾಗಿದ್ದರೆ ಥರ್ಮಾಕೋಲ್ ಅಥವಾ ಆಕಾಶ. ಎರಡು ಚುಕ್ಕೆ ಇದ್ದರೆ ಎರಡು ಮೂಲ. ಆಮೇಲೆ ಮೂಗಿನ ನೆರಳು: ಅದು ಬಿದ್ದ ಕಡೆಯ ಎದುರು ದಿಕ್ಕಿನಲ್ಲಿ ಮುಖ್ಯ ದೀಪವಿದೆ. ನೆರಳಿನ ಅಂಚು ಚೂಪಾಗಿದ್ದರೆ ಮೂಲ ಚಿಕ್ಕದು ಅಥವಾ ದೂರದ್ದು, ಕರಗಿದಂತಿದ್ದರೆ ದೊಡ್ಡದು ಅಥವಾ ಹತ್ತಿರದ್ದು. ಕೂದಲು, ಭುಜದ ಅಂಚು ಹೊಳೆಯುತ್ತಿದ್ದರೆ ಹಿಂದಿನಿಂದ ಬೆಳಕಿದೆ. ಮುಖದ ಬೆಳಗಿದ ಬದಿಗೂ ನೆರಳಿನ ಬದಿಗೂ ಎಷ್ಟು ಅಂತರ ಎಂಬುದೇ ಹಾಡಿನ ಭಾವದ ಮುಖ್ಯ ಸುಳಿವು. ಅಂತರ ಕಡಿಮೆಯಾದಷ್ಟೂ ನಿರಾಳ, ಹೆಚ್ಚಾದಷ್ಟೂ ಒಳತೋಟಿ.

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ನಡುಹಗಲಿನ ಬೆಳಕು ಸುಮಾರು 5600, ಹಳೆಯ ಸ್ಟುಡಿಯೊ ಬಲ್ಬು 3200, ಎಣ್ಣೆಯ ದೀಪ 2000ದ ಆಸುಪಾಸು. ಸಂಖ್ಯೆ ಇಳಿದಂತೆ ಬಣ್ಣ ಕೆಂಪಿಗೆ ಹೋಗುತ್ತದೆ. ಒಂದೇ ಚೌಕಟ್ಟಿನಲ್ಲಿ ಹೊರಗಿನ ನೀಲಿ ಸಂಜೆಯೂ ಒಳಗಿನ ದೀಪದ ಕೆಂಪೂ ಇದ್ದಾಗ ಮನೆಯ ಒಳಗು ಬೆಚ್ಚಗೆ ಕಾಣುವುದು ಇದರಿಂದಲೇ.

ನೆಲವೂ ಒಂದು ದೀಪ. ಖಾನಾಪುರದ ಕೆಂಪು ಮಣ್ಣಿನ ಮೇಲೆ ಬಿಸಿಲು ಬಿದ್ದು ಮೇಲೆ ಚಿಮ್ಮಿದಾಗ ಗದ್ದದ ಕೆಳಗೆ ಕೆಂಚು ಛಾಯೆ ಹತ್ತುತ್ತದೆ. ಚರ್ಮಕ್ಕೆ ಅದು ಒಪ್ಪುತ್ತದೆ. ಕಬ್ಬಿನ ಹೊಲದ ನಡುವೆ ನಿಂತವರ ಮುಖಕ್ಕೆ ಹಸಿರು ಬಡಿಯುತ್ತದೆ, ಅದು ಒಪ್ಪುವುದಿಲ್ಲ. ಬಣ್ಣ ತಿದ್ದುವವರು ಆ ಹಸಿರನ್ನು ತೆಗೆಯಲು ಹೋಗಿ ಕಬ್ಬಿನ ಗರಿಯನ್ನೂ ಬಾಡಿಸುತ್ತಾರೆ. ಕಬ್ಬಿನ ಅಂಚಿಗೆ ಬಂದು, ಕಾಲ ಕೆಳಗೆ ಒಂದು ಬಿಳಿ ಬಟ್ಟೆ ಹಾಸಿ ತೆಗೆದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಬೆಳಗಾವಿ ಮತ್ತು ಖಾನಾಪುರ

ಬೆಳಗಾವಿ ಸುಮಾರು 15.85 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದಲ್ಲೂ ಆಗಸ್ಟ್ ಎರಡನೇ ವಾರದ ಹೊತ್ತಿಗೂ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೇ ಬರುತ್ತಾನೆ. ಗಡಿಯಾರದ 12 ಗಂಟೆಗಲ್ಲ, ಸುಮಾರು 12.30ಕ್ಕೆ, ಏಕೆಂದರೆ ಊರು ಭಾರತೀಯ ಕಾಲಮಾನದ ರೇಖೆಗಿಂತ 8 ಡಿಗ್ರಿ ಪಶ್ಚಿಮಕ್ಕಿದೆ. ಮೇ ತಿಂಗಳು ಜಾತ್ರೆ, ಮದುವೆ, ರಜೆಯ ಕಾಲ; ಹಾಡಿನ ಶೂಟಿಂಗ್‌ಗಳೂ ಆಗಲೇ ಹೆಚ್ಚು. ನೆತ್ತಿಯ ಬಿಸಿಲಲ್ಲಿ ಹುಬ್ಬಿನ ನೆರಳು ಕಣ್ಣನ್ನು ಮುಚ್ಚಿಬಿಡುತ್ತದೆ, ಕಣ್ಣಿಲ್ಲದ ಕ್ಲೋಸಪ್‌ಗೆ ಅರ್ಥವಿಲ್ಲ. ಅನುಭವಿಗಳು ಬೆಳಗ್ಗೆ 9ರೊಳಗೆ ಮತ್ತು ಸಂಜೆ 5ರ ಮೇಲೆ ಮುಖದ ಶಾಟ್‌ಗಳನ್ನಿಟ್ಟುಕೊಂಡು, ನಡುಹಗಲನ್ನು ಮಾವಿನ ಮರದ ನೆರಳಿಗೋ ಪಡಸಾಲೆಗೋ ಬಿಡುತ್ತಾರೆ. ಪಡಸಾಲೆಯಲ್ಲಿ ಅಂಗಳದ ಬಿಸಿಲು ನೆಲದಿಂದ ಪುಟಿದು ಮೆತ್ತಗಾಗಿ ಒಳಬರುತ್ತದೆ. ಸಂಜೆಯ ಮಟ್ಟಿಗೆ ಬೆಳಗಾವಿ ಅದೃಷ್ಟದ ಊರು: ಪಶ್ಚಿಮಕ್ಕಿರುವುದರಿಂದ ಬೇಸಿಗೆಯಲ್ಲಿ ಏಳರ ತನಕ ಬೆಳಕು ಸಿಗುತ್ತದೆ.

ನಗರದ ಅಂಚಿನ ರಾಮತೀರ್ಥ ನಗರದಂಥ ಬಡಾವಣೆಗಳು ರಾತ್ರಿಯ ಶಾಟ್‌ಗೆ ಬೇರೆ ಬಗೆಯ ಸಾಮಗ್ರಿ ಕೊಡುತ್ತವೆ. ನೇರ ರಸ್ತೆ, ಸಾಲು ಕಂಬ, ಚಪ್ಪಟೆ ಗೋಡೆಯ ಹೊಸ ಮನೆಗಳು, ತಾರಸಿಗಳು. ಹಳೆಯ ಸೋಡಿಯಂ ದೀಪದ ಕಿತ್ತಳೆ ಬೆಳಕಿನ ಜಾಗಕ್ಕೆ ಊರೂರಲ್ಲಿ ಬಂದಿರುವ ಬಿಳಿ ಎಲ್‌ಇಡಿ ಬೀದಿದೀಪ ಚರ್ಮದ ಬಣ್ಣವನ್ನು ಹೆಚ್ಚು ನಿಜವಾಗಿ ತೋರಿಸುತ್ತದೆ, ಆದರೆ ನೇರ ಮೇಲಿನಿಂದ ಬೀಳುವುದರಿಂದ ಮಧ್ಯಾಹ್ನದ ಸೂರ್ಯನ ತೊಂದರೆಯನ್ನೇ ರಾತ್ರಿಗೂ ತರುತ್ತದೆ. ಕಂಬದಿಂದ ಕೆಲವು ಹೆಜ್ಜೆ ಹಿಂದೆ ಸರಿದು ಮುಖ ಅದರ ಕಡೆ ತಿರುಗಿಸಿದರೆ ಸಾಕು, ಕಣ್ಣಿಗೆ ಜೀವ ಬರುತ್ತದೆ. ಇನ್ನೊಂದು ತೊಂದರೆ ಫೋನಿನದು. ನಮ್ಮ ವಿದ್ಯುತ್ 50 ಹರ್ಟ್ಜ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಫೋನು ಸೆಕೆಂಡಿಗೆ 30 ಚೌಕಟ್ಟು, 1/60 ಶಟರ್‌ನಲ್ಲಿ ತೆಗೆದಾಗ ಪರದೆಯ ಮೇಲೆ ಕಪ್ಪು ಪಟ್ಟೆಗಳು ಉರುಳುತ್ತವೆ. ಶಟರನ್ನು 1/50 ಅಥವಾ 1/100ಕ್ಕೆ ಕಟ್ಟಿದರೆ ಪಟ್ಟೆ ಹೋಗುತ್ತದೆ. ತಾರಸಿಯಿಂದ ಡ್ರೋನ್ ಹಾರಿಸುವವರು ಸಾಂಬ್ರಾ ವಿಮಾನ ನಿಲ್ದಾಣವೂ ಸೇನಾ ನೆಲೆಗಳೂ ಹತ್ತಿರವಿರುವುದನ್ನು ಮರೆಯಬಾರದು. 2021ರ ಡ್ರೋನ್ ನಿಯಮಗಳ ಪ್ರಕಾರ ಡಿಜಿಟಲ್ ಸ್ಕೈ ನಕ್ಷೆ ನೋಡಿ, ಬೇಕಾದಲ್ಲಿ ಅನುಮತಿ ಪಡೆದೇ ಹಾರಿಸಬೇಕು.

ಖಾನಾಪುರ ತಾಲ್ಲೂಕು ಬೇರೆಯೇ ಲೋಕ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಜಾಂಬೋಟಿ, ಭೀಮಗಡದ ಕಾಡುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಇಡೀ ಆಕಾಶವನ್ನೇ ಒಂದು ದೊಡ್ಡ ಸೋಸುಬಟ್ಟೆಯನ್ನಾಗಿ ಮಾಡುತ್ತದೆ. ನೆರಳಿಲ್ಲದ ಆ ಬೆಳಕಿನಲ್ಲಿ ಹಸಿರು ತುಂಬಿ ನಿಲ್ಲುತ್ತದೆ, ಮುಖ ಚಪ್ಪಟೆಯಾಗುತ್ತದೆ. ಅದಕ್ಕೆ ಮದ್ದು ಬೆಳಕು ಸೇರಿಸುವುದಲ್ಲ, ಕಳೆಯುವುದು: ಮುಖದ ಒಂದು ಬದಿಗೆ ಕಪ್ಪು ಬಟ್ಟೆ ಅಥವಾ ಕಂಬಳಿ ಹಿಡಿದರೆ ಆ ಕೆನ್ನೆ ಕಪ್ಪಾಗಿ ಮುಖಕ್ಕೆ ಆಕಾರ ಮರಳುತ್ತದೆ. ಮಳೆಯನ್ನು ತೋರಿಸಬೇಕಾದರೆ ಹಿಂದಿನಿಂದ ಬೆಳಕು ಬೇಕೇಬೇಕು. ಮುಂದಿನಿಂದ ಬೆಳಗಿದ ಮಳೆ, ಎಷ್ಟೇ ಜೋರಾಗಿ ಸುರಿದರೂ, ಕ್ಯಾಮೆರಾಕ್ಕೆ ಕಾಣುವುದಿಲ್ಲ.

ಖಾನಾಪುರದ ಹತ್ತಿರ ಮಲಪ್ರಭೆಯ ದಂಡೆಯ ಅಸೋಗಾಕ್ಕೆ ಹಾಡಿನ ಚಿತ್ರೀಕರಣದ ಚರಿತ್ರೆಯಲ್ಲಿ ಒಂದು ಪುಟವಿದೆ. ಹೃಷಿಕೇಶ್ ಮುಖರ್ಜಿ ಅವರ ‘ಅಭಿಮಾನ್’ (1973) ಚಿತ್ರದ, ಲತಾ ಮಂಗೇಶ್ಕರ್ ಹಾಡಿದ, ಜಯಾ ಭಾದುರಿ ಮೇಲೆ ಚಿತ್ರಿತವಾದ ನದಿ ದಂಡೆಯ ಹಾಡು ಇಲ್ಲೇ ಆದದ್ದೆಂದು ಈ ಭಾಗದ ಜನ ಅಭಿಮಾನದಿಂದ ಹೇಳುತ್ತಾರೆ. ಸಚಿನ್ ದೇವ್ ಬರ್ಮನ್ ಸಂಗೀತ, ಜಯವಂತ ಪಾಠಾರೆ ಛಾಯಾಗ್ರಹಣ. ಆ ಹಾಡಿನ ಬಲ ಅದರ ಸರಳತೆಯಲ್ಲಿದೆ: ಹೊಳೆ, ಕಲ್ಲು, ಹಗಲು, ಒಬ್ಬ ಹೆಣ್ಣುಮಗಳು. ಮುಂದೆ ಗಂಡ ಹೆಂಡತಿಯ ನಡುವೆ ಮೈಕು, ವೇದಿಕೆ, ದೀಪ ಬರಲಿರುವ ಕಥೆಯಲ್ಲಿ ಈ ಬಯಲಿನ ಬೆಳಕು ಅವಳ ಹಾಡುಗಾರಿಕೆಯ ಮೂಲ ಯಾವುದೆಂದು ತೋರಿಸಿಕೊಡುತ್ತದೆ.

ಬೆಳಗಾವಿ ಕೋಟೆಯ ಕಮಲ ಬಸದಿ, ಹಲಸಿಯ ಕದಂಬರ ಕಾಲದ ದೇವಾಲಯಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ, ಭೀಮಗಡ ವನ್ಯಧಾಮ ಅರಣ್ಯ ಇಲಾಖೆಯದು. ಚಿತ್ರೀಕರಣಕ್ಕೆ ಅನುಮತಿ ಬೇಕು.

ಊರಿನ ಆಲ್ಬಂ ಹಾಡುಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಜಾನಪದ ಆಲ್ಬಂ ಹಾಡು ಒಂದು ದೊಡ್ಡ ಕಸುಬಾಗಿ ಬೆಳೆದಿದೆ. ರಾಯಬಾಗ ತಾಲ್ಲೂಕಿನ ಮಾಳು ನಿಪನಾಳ ಅವರಂಥ ಗಾಯಕರ ಹಾಡುಗಳು ಟ್ರ್ಯಾಕ್ಟರ್‌ನಿಂದ ಮದುವೆಯ ಡಿಜೆವರೆಗೆ ಎಲ್ಲ ಕಡೆ ಕೇಳಿಸುತ್ತವೆ. ಈ ವಿಡಿಯೊಗಳನ್ನು ಕೀಳಾಗಿ ಕಾಣುವ ವಿಮರ್ಶಕರಿದ್ದಾರೆ, ಅದು ಸರಿಯಲ್ಲ. ಕಬ್ಬು ಹೇರಿದ ಗಾಡಿ, ಬಾವಿಯ ಪಂಪ್‌ಸೆಟ್ಟು, ಸಂತೆ, ಬಸ್‌ಸ್ಟ್ಯಾಂಡು, ದನದ ಕೊಟ್ಟಿಗೆ, ದೊಡ್ಡ ಸಿನಿಮಾಗಳ ಹಾಡಿನಿಂದ ಮಾಯವಾದ ಇವೆಲ್ಲ ಇಲ್ಲಿ ಜೀವಂತವಾಗಿವೆ. ದುಡಿಯುವ ಉತ್ತರ ಕರ್ನಾಟಕದ ದೃಶ್ಯ ದಾಖಲೆ ಮುಂದೆ ಹುಡುಕುವವರಿಗೆ ಸಿಗುವುದು ಇವುಗಳಲ್ಲೇ.

ಕೊರತೆ ಇರುವುದು ಬೆಳಕಿನಲ್ಲಿ. ನಡುಹಗಲಿನಲ್ಲಿ ತೆಗೆದು, ಎಡಿಟಿಂಗ್‌ನಲ್ಲಿ ಮುಖವನ್ನು ಬೆಳ್ಳಗೆ ಮಾಡುವ ರೂಢಿ ಬಹಳ ಕಡೆ ಇದೆ. ಬಿಸಿಲಲ್ಲಿ ದುಡಿದ ಚರ್ಮಕ್ಕೆ ತನ್ನದೇ ಹೊಳಪಿದೆ; ಓರೆ ಬೆಳಕಿನಲ್ಲಿ ಅದು ತಾಮ್ರದ ಬಣ್ಣಕ್ಕೆ ತಿರುಗಿ ಕ್ಯಾಮೆರಾಕ್ಕೆ ಚೆಂದ ಕಾಣುತ್ತದೆ. ಅದನ್ನು ಹಿಟ್ಟು ಬಳಿದಂತೆ ಬಿಳುಪು ಮಾಡುವುದರಿಂದ ಹಾಡು ಹೊರಟ ನೆಲಕ್ಕೂ ಹಾಡುವ ಮುಖಕ್ಕೂ ಸಂಬಂಧ ಕಡಿದುಹೋಗುತ್ತದೆ. ಸರಿಪಡಿಸಲು ಹಣ ಬೇಡ. ಶೂಟಿಂಗ್‌ನ ವೇಳೆ ಬದಲಿಸಿದರೆ ಸಾಕು.

ವಿಶ್ಲೇಷಣೆಯ ವಿಧಾನ

ಹಾಡನ್ನು ಮೊದಲು ಕಣ್ಣು ಮುಚ್ಚಿ ಕೇಳಿ, ಪಲ್ಲವಿ, ಚರಣ, ಬಿಟ್‌ಗಳ ವೇಳೆ ಬರೆದುಕೊಳ್ಳಬೇಕು. ಆಮೇಲೆ ಸದ್ದು ನಿಲ್ಲಿಸಿ ಚಿತ್ರ ಮಾತ್ರ ನೋಡಬೇಕು. ಸದ್ದಿಲ್ಲದೆ ನೋಡಿದಾಗ ಬೆಳಕು ಮುಂದೆ ಬರುತ್ತದೆ. ಮೂರನೆಯ ಸಲ ಎರಡನ್ನೂ ಕೂಡಿಸಿ ಶಾಟ್ ಪಟ್ಟಿ ಮಾಡಬೇಕು: ಪ್ರತಿ ಶಾಟ್‌ಗೆ ಶುರುವಾದ ವೇಳೆ, ಅಳತೆ, ಕೋನ, ಚಲನೆ, ಬೆಳಕಿನ ದಿಕ್ಕು, ಮೆದುವೋ ಬಿರುಸೋ, ಬಣ್ಣ, ಕಟ್ ಬಿದ್ದ ಜಾಗ. ಹಾಡಿನ ಉದ್ದವನ್ನು ಶಾಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. ನಾಲ್ಕು ನಿಮಿಷದಲ್ಲಿ 80 ಶಾಟ್ ಇದ್ದರೆ ತಲಾ 3 ಸೆಕೆಂಡು. ಸರಾಸರಿಗಿಂತ ಬಹಳ ಉದ್ದವಾದ ಶಾಟ್ ಯಾವುದು, ಅದು ಯಾವ ಸಾಲಿನ ಮೇಲೆ ಬಂದಿದೆ ಎಂದು ಹುಡುಕಬೇಕು. ನಿರ್ದೇಶಕನಿಗೆ ಮುಖ್ಯವೆನಿಸಿದ್ದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಯಾವ ಪ್ರತಿ ನೋಡುತ್ತಿದ್ದೇವೆ ಎಂಬುದನ್ನೂ ಪರೀಕ್ಷಿಸಬೇಕು. 1970ರ ದಶಕದ ಬಣ್ಣದ ಪ್ರಿಂಟುಗಳು ಕಾಲ ಕಳೆದಂತೆ ನೀಲಿ, ಹಸಿರು ಕಳೆದುಕೊಂಡು ಕೆಂಪಿಗೆ ತಿರುಗುತ್ತವೆ. ಅಂಥ ಪ್ರತಿಯ ಕೆಂಪನ್ನು ಛಾಯಾಗ್ರಾಹಕನ ಆಯ್ಕೆ ಎಂದು ಬರೆದರೆ ತಪ್ಪಾಗುತ್ತದೆ. ಟಿ.ವಿ.ಗಾಗಿ ಮಾಡಿದ ಹಳೆಯ ಪ್ರತಿಗಳಲ್ಲಿ ಸಿನಿಮಾಸ್ಕೋಪ್ ಚೌಕಟ್ಟಿನ ಎಡಬಲ ಅಂಚುಗಳನ್ನು ಕತ್ತರಿಸಿರುವುದೂ ಉಂಟು. ‘ಕಾಗಜ್ ಕೆ ಫೂಲ್’ ಹಾಡನ್ನು ಅಂಥ ಪ್ರತಿಯಲ್ಲಿ ನೋಡಿದರೆ ಒಂದು ತುದಿಯ ವಹೀದಾ, ಇನ್ನೊಂದು ತುದಿಯ ಗುರುದತ್, ನಡುವಿನ ಖಾಲಿ ಜಾಗ ಒಟ್ಟಿಗೆ ಸಿಗುವುದೇ ಇಲ್ಲ. ಮೂರ್ತಿಯವರು ಬೆಳಕು ಇಳಿಸಿದ್ದು ಆ ಖಾಲಿ ಜಾಗಕ್ಕೆ. ಅಭ್ಯಾಸಕ್ಕೆ ಕೂರುವ ಮೊದಲು ಪೂರ್ತಿ ಅಗಲದ ಪ್ರತಿಯನ್ನು ಹುಡುಕಿಕೊಳ್ಳಬೇಕು.